ಇನ್ನೊಂದು ಚೀಲ ಹಿತ್ತಾಳೆ

ತರ್ವಾಂಗದಲ್ಲಿ ವಾಲ್ಡಾ ಟ್ರಿಲೋರ್ ಮನೆಗೆ ಬರಿಗೈಯಲ್ಲಿ ಬರುವವರೇ ಇರಲಿಲ್ಲ. ಒಬ್ಬರು ನಿಂಬೆಹಣ್ಣು ತರುತ್ತಿದ್ದರು, ಇನ್ನೊಬ್ಬರು ಜಾಮಿನ ಬಾಟಲಿ. ಮತ್ತೊಬ್ಬರು ಹುಲ್ಲು ಕತ್ತರಿಸುವ ಯಂತ್ರವನ್ನೇ ಗಾಡಿಯಲ್ಲಿ ಹೇರಿಕೊಂಡು ಬಂದು, ಹೇಳದೆ ಕೇಳದೆ ಅಂಗಳ ಚೊಕ್ಕಟ ಮಾಡಿ ಹೋಗುತ್ತಿದ್ದರು. ಗೋಧಿ ಬೆಳೆಯುವ ಆ ಸಣ್ಣ ಊರಿನಲ್ಲಿ ವಿಧವೆಯೊಬ್ಬಳನ್ನು ಜನ ಇಷ್ಟು ಚೆನ್ನಾಗಿ ನೋಡಿಕೊಂಡದ್ದು ಹಿಂದೆ ಇರಲಿಲ್ಲ ಎಂದು ಅಂಗಡಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ವಾಲ್ಡಾಳೂ ಹೌದೆನ್ನುತ್ತಿದ್ದಳು. ಆದರೆ ತಂದವರಲ್ಲಿ ಯಾರಾದರೊಬ್ಬರು, ಚಹಾ ಕುಡಿದು ಎದ್ದ ಮೇಲೆ, ಗಾಡಿಯಿಂದ ಒಂದು ಚೀಲವನ್ನೂ ಇಳಿಸುತ್ತಿದ್ದರು. ಚೀಲದೊಳಗೆ ಹೊಸ ಹಿತ್ತಾಳೆ ಇರುತ್ತಿತ್ತು. ಇನ್ನೂ ಮದ್ದು ಕಾಣದ, ಗುಂಡು ಕೂರದ, ರೈಫಲ್ ಕಾಡತೂಸಿನ ಖಾಲಿ ಕೊಳವೆಗಳು.

ಆಗಸ್ಟಿನ ಒಂದು ಬೆಳಿಗ್ಗೆ ಆ ಚೀಲ ತಂದವನು ರೈಫಲ್ ಕ್ಲಬ್ಬಿನ ನಾಯಕ ಡ್ಯಾರಿಲ್ ನಿಚ್ಕೆ. ವಾಲ್ಡಾ ಶಾಲೆಯ ಕ್ಯಾಂಟೀನ್ ನಡೆಸುತ್ತಿದ್ದಾಗ ಸಾಸು ಹೆಚ್ಚು ಹಾಕಿ ಎಂದು ಅಳುತ್ತಿದ್ದ ಹುಡುಗ ಅವನು. ಈಗ ತಲೆ ಬೋಳಾಗಿತ್ತು, ಆದರೂ ಅಂದಿನ ಹಾಗೆಯೇ ಅವಳನ್ನು ಮಿಸೆಸ್ ಟಿ ಎಂದೇ ಕರೆಯುತ್ತಿದ್ದ.

"ಮಿಸೆಸ್ ಟಿ, ಅರ್ಧ ಕುರಿ ತಂದಿದೀನಿ. ಭಾರೀ ಬುದ್ಧಿವಂತ ಕುರಿ ಇದು. ಗೇಟಿನ ಚಿಲಕ ತಾನೇ ತೆಗೀತಿತ್ತು."

"ಅದಕ್ಕೇ ಕಡಿದ್ಯಾ?"

"ಮತ್ತೇನು, ಕ್ಲಬ್ಬಿಗೆ ಸೇರಿಸ್ಕೊಳ್ಳೋಕಾಗುತ್ತಾ?" ಎಂದು ನಕ್ಕು ಚೀಲವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟ. "ಇದು ಅಕ್ಟೋಬರ್ ಪಂದ್ಯಕ್ಕೆ. ಹೊಸಾದು, ಥಳಥಳ ಅಂತಿದೆ. ನಿಮಗೆ ಕೆಲ್ಸಾನೇ ಇರಲ್ಲ ನೋಡಿ."

"ಕೆಲ್ಸ ಇಲ್ದಿದ್ರೆ ನೀನೇ ಮಾಡ್ಕೊಳಪ್ಪ."

"ನನ್ನ ಕೈ ನೋಡಿ! ಈ ಬೆರಳಿಟ್ಕೊಂಡು ಅಂಥ ನಾಜೂಕು ಕೆಲ್ಸ ಆಗುತ್ತಾ?"

ವಾಲ್ಡಾ ಆ ದಿನ ಹೇಳಬೇಕೆಂದು ಒಂದು ಮಾತು ಜೋಡಿಸಿಕೊಂಡಿದ್ದಳು. ಬಾಯಿ ತೆರೆಯುವಷ್ಟರಲ್ಲಿ ಅವನು ಹೊರಗೆ ಹೋಗಿ ಸೂರಿನ ನೀರುದೋಣಿ ನೋಡಿ, "ಅಯ್ಯೋ, ಎಲ್ಲಾ ಎಲೆ ಕಟ್ಕೊಂಡಿದೆ" ಎಂದು ಏಣಿ ಹಾಕಿದ. ನಿಮ್ಮ ಮನೆಯ ಮಾಡು ಹತ್ತಿ, ನಿಮ್ಮ ಕಸ ಬಾಚುತ್ತಿರುವವನಿಗೆ ಕೆಳಗೆ ನಿಂತು ಇಲ್ಲ ಎನ್ನುವುದು ಹೇಗೆ? ಅವಳು ಏಣಿ ಹಿಡಿದುಕೊಂಡು ನಿಂತಳು.

ಆ ಕೆಲಸ ಮೊದಲು ಗಂಡ ಕೀತ್‌ನದು. ಹೊಸ ಹಿತ್ತಾಳೆ ನೋಡಲು ಚೆಂದ, ಆದರೆ ಚೀಲದೊಳಗೆ ಒಂದಕ್ಕೊಂದು ಬಡಿದು ಬಾಯಿ ಸೊಟ್ಟಗಾಗಿರುತ್ತದೆ. ಒಂದೊಂದಕ್ಕೂ ಗ್ರೀಸು ಸವರಿ, ಪ್ರೆಸ್ಸಿನ ಹಿಡಿ ಒತ್ತಿ, ಉಕ್ಕಿನ ಅಚ್ಚಿನೊಳಗೆ ಏರಿಸಿ ಇಳಿಸಬೇಕು. ಆಮೇಲೆ ಉದ್ದ ಸಮ ಮಾಡಬೇಕು. ಬಾಯಿಯ ಅಂಚು ಗುಂಡನ್ನು ಗೀರದಂತೆ ಒಳಗೂ ಹೊರಗೂ ಹೆರೆಯಬೇಕು. ಬುಡದ ತೂತಿನಲ್ಲಿ ಉಳಿದ ಚೂರು ತೆಗೆಯಬೇಕು. ಮದ್ದು ತುಂಬುವುದು, ಗುಂಡು ಕೂರಿಸುವುದು ಕ್ಲಬ್ಬಿನವರು ಅವರವರೇ ಮಾಡಿಕೊಳ್ಳುತ್ತಿದ್ದರು. ಅದರಲ್ಲಿ ಅವರಿಗೆ ಖುಷಿಯಿತ್ತು. ಹಿತ್ತಾಳೆ ತಿದ್ದುವ ಬೇಸರದ ಕೆಲಸ ಕೀತ್‌ಗೆ ಮಾತ್ರ ಇಷ್ಟ. ಚಳಿಗಾಲದ ಮಧ್ಯಾಹ್ನಗಳಲ್ಲಿ ಹಿತ್ತಿಲಿನ ಷೆಡ್ಡಿನಲ್ಲಿ ಅವನು ಹಿಡಿ ಒತ್ತುತ್ತಿದ್ದ, ಅವಳು ಪಕ್ಕದಲ್ಲಿ ಗ್ರೀಸು ಸವರುತ್ತಿದ್ದಳು, ರೇಡಿಯೋದಲ್ಲಿ ಫುಟ್‌ಬಾಲ್ ಬರುತ್ತಿತ್ತು.

ಅವನನ್ನು ಮಣ್ಣು ಮಾಡಿ ಬಂದ ವಾರವೇ ಡ್ಯಾರಿಲ್ ಬಂದಿದ್ದ. ಸಾವಿನ ಮನೆಗೆಂದು ಊರವರು ತಂದಿಟ್ಟ ಕೇಕುಗಳ ನಡುವೆ ಚೀಲ ಇಟ್ಟು, "ಇದೊಂದ್ಸಲ, ಮಿಸೆಸ್ ಟಿ. ನಿಮಗೂ ಬರುತ್ತಲ್ವಾ?" ಎಂದಿದ್ದ. ಅವಳು ಹೂಂ ಎಂದಿದ್ದಳು. ಆಗ ಕೈಗೆ ಏನಾದರೂ ಬೇಕಿತ್ತು. ಕೀತ್‌ನ ಅಂಗೈ ಉಜ್ಜಿ ನುಣುಪಾದ ಹಿಡಿಯ ಮೇಲೆ ತನ್ನ ಅಂಗೈ ಇಟ್ಟರೆ ಮನಸ್ಸಿಗೆ ಹಿತವಾಗುತ್ತಿತ್ತು. ಆ ವರ್ಷ ಷೆಡ್ಡೇ ಅವಳನ್ನು ಉಳಿಸಿತು. ಆ ಒಂದು ಸಲ ಮುಗಿಯಲೇ ಇಲ್ಲ. ಹೆಬ್ಬೆರಳಿನ ಬುಡದಲ್ಲಿ ನೋವು ಮನೆಮಾಡಿತು. ಷೆಡ್ಡಿನ ಬಾಗಿಲು ತೆಗೆದರೆ ಕೀತ್‌ನ ನೆನಪು ಬರುವ ಬದಲು ಡ್ಯಾರಿಲ್‌ನ ಚೀಲ ಕಾಣತೊಡಗಿತು.

ಪೋರ್ಟ್‌ಲ್ಯಾಂಡಿನಲ್ಲಿ, ಕಡಲಿನ ಪಕ್ಕ, ಅವಳ ತಂಗಿ ನೋಲಾ ಇದ್ದಳು. ಅವಳ ಮನೆಯ ಹಿಂದಿನ ಕೋಣೆ ಖಾಲಿಯಾಗಿತ್ತು. ಕಿಟಕಿ ತೆಗೆದರೆ ಹಡಗುಕಟ್ಟೆ ಕಾಣುತ್ತಿತ್ತು. ಚಿಕ್ಕಂದಿನಲ್ಲಿ ಇಬ್ಬರೂ, ಮುದುಕಿಯರಾದಾಗ ಕಡಲ ಬಳಿ ಒಂದೇ ಮನೆಯಲ್ಲಿರೋಣ ಎಂದು ಆಡಿಕೊಂಡಿದ್ದರು. ವಾಲ್ಡಾಳಿಗೆ ಈಗ ಬೇಕಾಗಿದ್ದದ್ದು ಅದೊಂದೇ.

ಆ ವಾರ ಅವಳು ಷೆಡ್ಡಿನಲ್ಲಿ ಕೂತು ಡ್ಯಾರಿಲ್‌ನ ಚೀಲ ಬಿಚ್ಚಿದ್ದಾಗ ಮನೆಯೊಳಗೆ ಫೋನು ಬಡಿದುಕೊಂಡಿತು.

"ಏನೇ, ಇನ್ನೂ ಬದುಕಿದೀಯಾ?" ನೋಲಾಳ ದನಿ. "ಆಸ್ಪತ್ರೆ ನರ್ಸ್ ಒಬ್ಳು ರೂಮು ಕೇಳ್ತಿದಾಳೆ. ಶುಕ್ರವಾರ ಸಂಜೆ ಕೀಲಿಗೆ ಬರ್ತಾಳೆ. ನೀನು ಬರ್ತೀಯೋ ಇಲ್ವೋ ಅಷ್ಟರೊಳಗೆ ಹೇಳಿಬಿಡು. ಆಮೇಲೆ ಅತ್ರೆ ನಾನು ಹೊಣೆಯಲ್ಲ."

"ಸ್ವಲ್ಪ ತಡ್ಕೊಳೇ."

"ಕೀತ್ ಹೋದಾಗಿಂದ ತಡ್ಕೊಂಡೇ ಇದೀನಿ. ನಂಗೂ ಬಾಡಿಗೆ ಬೇಕಲ್ಲ ಕಣೇ."

ಫೋನಿಟ್ಟು ಮರಳಿದವಳು ಸ್ಟೂಲಿನಲ್ಲಿ ಕೂತಳು. ಗ್ರೀಸು ಸವರಿದ ಕೊಳವೆಗಳು ಎಡಗಡೆಯ ತಟ್ಟೆಯಲ್ಲಿದ್ದವು, ಸವರದವು ಬಲಗಡೆ. ಕೀತ್‌ನ ಕಾಲದಿಂದಲೂ ಅದು ಹಾಗೆಯೇ. ಡ್ಯಾರಿಲ್‌ಗೆ ಹೇಳುವ ಮಾತನ್ನು ಮನಸ್ಸಿನಲ್ಲಿ ತಿರುವಿಹಾಕುತ್ತಾ ಅವಳು ಬಲಗಡೆ ಕೈ ಹಾಕಿದಳು.

ಹಿಡಿ ಒತ್ತಿದಾಗ ಹಿತ್ತಾಳೆ ಕೀಚಲು ದನಿ ಮಾಡಿತು. ಅಲ್ಲಿಗೇ ನಿಲ್ಲಿಸಬೇಕಿತ್ತು. ಕೈ ಅಭ್ಯಾಸಬಲದಿಂದ ಪೂರ್ತಿ ಒತ್ತಿಬಿಟ್ಟಿತು. ಇನ್ನು ಹಿಡಿ ಮೇಲೂ ಬಾರದು, ಕೆಳಗೂ ಹೋಗದು. ಎದ್ದು ನಿಂತು ಮೈಭಾರ ಹಾಕಿ ಎಳೆದಳು. ಟಕ್ ಎಂದಿತು. ಬುಡದ ಅಂಚು ಕಿತ್ತುಕೊಂಡು ಬಂತು, ಕೊಳವೆ ಅಚ್ಚಿನೊಳಗೇ ಉಳಿಯಿತು.

ಗ್ರೀಸಿಲ್ಲದೆ ಅಚ್ಚಿಗೆ ಹಿತ್ತಾಳೆ ಕೊಡುವುದು ಹೊಸಬರು ಮಾಡುವ ತಪ್ಪು. ಅವಳು ಅವಮಾನದಿಂದ ಸುತ್ತ ನೋಡಿದಳು, ಯಾರಾದರೂ ಕಂಡರೇನೋ ಎಂಬಂತೆ. ಕೂಡಲೇ ಇನ್ನೊಂದು ಯೋಚನೆ ಹೊಳೆಯಿತು. ಅಚ್ಚು ಹಾಳಾಯಿತು, ಇನ್ನು ನನ್ನಿಂದಾಗದು ಎಂದರಾಯಿತಲ್ಲ. ಅದು ಮನಸ್ಸಿಗೆ ಬಂದದ್ದಕ್ಕೇ ಎದೆ ಹಗುರಾಯಿತು.

ಗುರುವಾರ ಡ್ಯಾರಿಲ್ ಬಂದಾಗ ಅವಳು ಕಿತ್ತ ಅಂಚನ್ನು ಅವನ ಅಂಗೈಯಲ್ಲಿಟ್ಟಳು. "ಅಚ್ಚು ಹೋಯ್ತು."

"ಇಷ್ಟೇನಾ? ಕೀತ್ ಇದನ್ನ ಬಿಡಿಸ್ತಿದ್ದದ್ದು ನಾನು ನೋಡಿದೀನಿ." ಅವನು ಉತ್ಸಾಹದಿಂದ ಕೋಟು ಬಿಚ್ಚಿದ. ಸಿಕ್ಕಿಬಿದ್ದ ಕೊಳವೆಯ ಬುಡಕ್ಕೆ ಡ್ರಿಲ್ಲಿನಲ್ಲಿ ತೂತು ಕೊರೆದ, ಅದರಲ್ಲಿ ಬೋಲ್ಟು ತಿರುಗಿಸಿ ಕೂರಿಸಿದ, ಸ್ಪ್ಯಾನರ್ ಹಾಕಿ ಬಿಗಿಮಾಡುತ್ತಾ ಹೊರಗೆಳೆಯತೊಡಗಿದ. ನೆತ್ತಿ ಕೆಂಪಾಯಿತು.

ಅವನ ಎರಡೂ ಕೈ ಸಿಕ್ಕಿಕೊಂಡಿರುವಾಗಲೇ ಅವಳು ಹೇಳಿದಳು. "ಡ್ಯಾರಿಲ್, ನಾನು ನೋಲಾ ಹತ್ರ ಹೋಗ್ತಿದೀನಿ. ಇರೋಕೆ."

ಸ್ಪ್ಯಾನರ್ ನಿಂತಿತು. "ಹೂಂ. ಯಾವಾಗ?"

"ಈಗ್ಲೇ."

"ಅಂದ್ರೆ ಅಕ್ಟೋಬರ್ ಪಂದ್ಯ ಆದ್ಮೇಲೆ." ಅವನು ಕೇಳಲಿಲ್ಲ, ತಾನೇ ಹೇಳಿದ. "ಆಮೇಲೆ ಕೊಯ್ಲು. ಕ್ರಿಸ್ಮಸ್ ಆಗ್ಲಿ, ನಾವೆಲ್ಲಾ ಸೇರಿ ಟ್ರಕ್ಕಲ್ಲಿ ಸಾಮಾನು ಸಾಗಿಸ್ತೀವಿ. ಒಂದು ಪೈಸೆ ಖರ್ಚಾಗೋಕೆ ಬಿಡಲ್ಲ."

"ಸರಿ" ಎಂಬ ಮಾತು ಅವಳ ಬಾಯಿಂದ ಬಂದೇಬಿಟ್ಟಿತು. ಅಷ್ಟರಲ್ಲಿ ಕೊಳವೆ ಪಟ್ಟನೆ ಕಳಚಿಕೊಂಡು ಬಂತು. ಡ್ಯಾರಿಲ್ ಅದನ್ನು ಮೇಲೆತ್ತಿ ಹಿಡಿದ. "ನೋಡಿ! ಅಚ್ಚು ಹೊಸದರ ಹಾಗಿದೆ!"

ಶುಕ್ರವಾರ ಮಧ್ಯಾಹ್ನ ಅವಳು ನೋಲಾಳಿಗೆ ಫೋನು ಮಾಡಿ ಕ್ರಿಸ್ಮಸ್ ಆದ ಮೇಲೆ ಎಂದಳು.

"ಕೀತ್ ಇದ್ದಾಗ ಕೀತ್‌ನ ಹೆಂಡ್ತಿ ಆಗಿದ್ದೆ" ಎಂದಳು ನೋಲಾ. "ಈಗ ಇಡೀ ಕ್ಲಬ್ಬಿನ ಹೆಂಡ್ತಿ ಆಗಿದೀಯ. ಇರು ಅಲ್ಲೇ."

ವಾಲ್ಡಾಳಿಗೆ ನಗು ಬಂತು. ನಗುತ್ತಲೇ ಸುತ್ತ ನೋಡಿದಳು. ಅಡುಗೆಮನೆಯ ಫ್ರಿಜ್ಜು ತುಂಬ ಡ್ಯಾರಿಲ್‌ನ ಕುರಿಮಾಂಸ, ಕಿಟಕಿಯಾಚೆ ಯಾರೋ ಕತ್ತರಿಸಿಕೊಟ್ಟ ಹುಲ್ಲು. ಹಾಳಾದರೆ ಆಗಲಿ ಎಂದು ತಾನು ಕೈಬಿಟ್ಟದ್ದು ಈ ಮನೆಯಲ್ಲಿ ಒಂದಾದರೂ ಇದೆಯೇ ಎಂದು ಹುಡುಕಿದಳು, ಕಾಣಲಿಲ್ಲ.

"ನೋಲಾ, ಕೀಲಿ ಅವಳಿಗೆ ಕೊಡಬೇಡ. ಭಾನುವಾರದ ಬಸ್ಸಿಗೆ ಬರ್ತೀನಿ."

ಶನಿವಾರ ಬೆಳಿಗ್ಗೆ ಟ್ರೇಲರಿನ ಸದ್ದಾಯಿತು. ಡ್ಯಾರಿಲ್ ಮತ್ತು ಕ್ಲಬ್ಬಿನ ಇನ್ನಿಬ್ಬರು ಕಡಿದ ಕೆಂಪು ನೀಲಗಿರಿ ಕಟ್ಟಿಗೆಯನ್ನು ಹೇರಿಕೊಂಡು ಬಂದಿದ್ದರು. ಅವಳು ಕೋಟು ಹಾಕಿಕೊಂಡು ಹೊರಬರುವಷ್ಟರಲ್ಲಿ ಹಿಂಬಾಗಿಲಿನ ಜಗಲಿಯಲ್ಲಿ ಕಟ್ಟಿಗೆ ಸೊಂಟದೆತ್ತರ ಏರಿತ್ತು.

"ನಿಲ್ಸು ಡ್ಯಾರಿಲ್. ನಾಳೆ ಹೋಗ್ತಿದೀನಿ. ಕ್ರಿಸ್ಮಸ್ಸಿಗಲ್ಲ, ನಾಳೆ."

ಮೂವರೂ ಅವಳನ್ನು ನೋಡಿದರು. ಡ್ಯಾರಿಲ್ ಕೈಯಲ್ಲಿದ್ದ ಕೊರಡನ್ನು ಬಿಸಾಡಲೂ ಇಲ್ಲ, ಜೋಡಿಸಲೂ ಇಲ್ಲ.

"ನಮ್ಮಿಂದ ಏನಾದ್ರೂ ತಪ್ಪಾಯ್ತಾ, ಮಿಸೆಸ್ ಟಿ?"

"ಇಲ್ಲ. ಅದೇ ಕಷ್ಟ."

"ಚೀಲ ಮುಗೀತಾ?"

"ಅರ್ಧ ಆಗಿದೆ."

ಅವನು ಕೊರಡನ್ನು ಮೆಲ್ಲಗೆ ರಾಶಿಯ ಮೇಲಿಟ್ಟ, ಇನ್ನೊಂದನ್ನು ತೆಗೆದುಕೊಂಡ.

"ಇದನ್ನ ವಾಪಸ್ ಒಯ್ಯಿ, ಡ್ಯಾರಿಲ್. ಇಲ್ಲಿ ಯಾರು ಸುಡ್ತಾರೆ?"

"ಒಯ್ಯಲ್ಲ. ನಿಮಗೆ ಅಂತ ಕಡಿದದ್ದು. ಇಲ್ಲೇ ಇರುತ್ತೆ, ವಾಪಸ್ ಬಂದಾಗ ಬೇಕಾಗುತ್ತೆ."

ಆ ಮಾತು ಕುತ್ತಿಗೆಗೆ ಬಿದ್ದ ಹಗ್ಗದ ಹಾಗೆ ಅವಳಿಗೆ ಅನಿಸಿತು. ಹಗ್ಗ ಹಾಕಿದವನ ಕಣ್ಣು ತುಂಬಿತ್ತು. ಈಗ ನಿಂತರೆ ಮತ್ತೆ ಸರಿ ಎಂದುಬಿಡುತ್ತೇನೆ ಎಂದು ಹೆದರಿ ಅವಳು ಅವನ ತೋಳು ಹಿಡಿದು ಷೆಡ್ಡಿಗೆ ಕರೆದೊಯ್ದಳು, ಸ್ಟೂಲಿನ ಮೇಲೆ ಕೂರಿಸಿದಳು.

"ಎಡಗಡೆ ಗ್ರೀಸಾದದ್ದು, ಬಲಗಡೆ ಆಗದ್ದು. ಇದೊಂದು ಮರೀಬೇಡ. ಎರಡು ಬೆರಳಲ್ಲಿ ತೆಳ್ಳಗೆ ಸವರು."

ಡ್ಯಾರಿಲ್ ಸವರಿದ. ತೆಳ್ಳಗೆ ಎಂದರೂ ಬೆಣ್ಣೆ ಬಳಿದಂತಿತ್ತು. ಹಿಡಿ ಒತ್ತಿ ಎತ್ತಿದ. ಗ್ರೀಸು ಹೆಚ್ಚಾಗಿ, ಕೊಳವೆಯ ಬಾಯಿ ಕಿರಿದಾಗುವ ಹೆಗಲಿನಲ್ಲಿ ಸಣ್ಣದೊಂದು ಗುಳಿ ಬಿದ್ದಿತ್ತು. ದೊಡ್ಡ ಕೇಡೇನಲ್ಲ, ಒಮ್ಮೆ ಹಾರಿಸಿದರೆ ತಾನೇ ಉಬ್ಬಿ ಸರಿಹೋಗುವಂಥದು. ಆದರೆ ಕೀತ್ ಆಗಲಿ ಅವಳಾಗಲಿ ಅಂಥದ್ದನ್ನು ಮುಗಿದವುಗಳ ಡಬ್ಬಿಗೆ ಹಾಕಿದವರಲ್ಲ. ಅವಳ ಕೈ ತಾನಾಗಿಯೇ ಮುಂದೆ ಚಾಚಿತು.

"ಸರಿಯಾಯ್ತಾ?" ಎಂದು ಅವನು ತಲೆ ಎತ್ತದೆ ಕೇಳಿದ.

ವಾಲ್ಡಾ ಆ ಗುಳಿ ನೋಡಿದಳು. ಚಾಚಿದ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡಳು.

"ಸಾಕು" ಎಂದಳು. "ಮುಂದಿಂದು ಮಾಡು."

ಹಿಂಬಾಗಿಲಿಗೆ ಕಟ್ಟಿಗೆ ಅಡ್ಡವಾಗಿತ್ತು. ಅವಳು ಮನೆ ಸುತ್ತಿಕೊಂಡು ಮುಂಬಾಗಿಲಿಂದ ಒಳಗೆ ಹೋದಳು, ಕಪಾಟಿನ ಮೇಲಿದ್ದ ಸೂಟ್‌ಕೇಸು ಇಳಿಸಲು.