ಖಾಲಿ ಕುರ್ಚಿಯ ಮೇಡಂ

ಕಾನೂನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಮೇಡಂ ತರಗತಿಗೆ ಬಂದೊಡನೆ ಮಾಡುವ ಮೊದಲ ಕೆಲಸವೆಂದರೆ ಒಂದು ಖಾಲಿ ಕುರ್ಚಿಯನ್ನು ಎಳೆದು ಮುಂದೆ ಹಾಕುವುದು. ವಿದ್ಯಾರ್ಥಿಗಳು ತಮ್ಮ ವಾದವನ್ನು ಆ ಕುರ್ಚಿಗೆ ಹೇಳಬೇಕು. ಮಧ್ಯಾಹ್ನದ ಬಿಸಿಲು ಸೀಮೆಸುಣ್ಣದ ಧೂಳಿನಲ್ಲಿ ತೇಲುತ್ತಿರುತ್ತದೆ, ಫ್ಯಾನು ತೂಕಡಿಸುತ್ತಿರುತ್ತದೆ, ಯಾರೋ ಒಬ್ಬ ಬಾಯಿಪಾಠ ಮಾಡಿದ ಭಾರಿ ಇಂಗ್ಲಿಷನ್ನು ಒಂದೇ ಉಸಿರಿಗೆ ಒಪ್ಪಿಸುತ್ತಾನೆ. ಮೇಡಂ ಕಣ್ಣು ಮುಚ್ಚಿಕೊಂಡೇ, "ಈ ವಾಕ್ಯ ಮುಗಿಯೋದ್ರೊಳಗೆ ನಿನ್ನ ಕಕ್ಷಿದಾರನ ಮೊಮ್ಮಕ್ಕಳಿಗೂ ಮದುವೆ ಆಗಿರುತ್ತಪ್ಪ," ಎನ್ನುತ್ತಾರೆ. ಆಮೇಲೆ ಕುರ್ಚಿಯಲ್ಲಿ ಕೂತವರ ಪರವಾಗಿ ಎಂಬಂತೆ ಮೆಲ್ಲಗೆ ಕೇಳುತ್ತಾರೆ: "ಏನಂದ್ರು?" ಕುರ್ಚಿಗೆ ಅರ್ಥವಾಗುವವರೆಗೂ ಬಿಡುವುದಿಲ್ಲ, ಗಂಟೆ ಹೊಡೆದರೂ ಅಷ್ಟೇ, ಪ್ರಿನ್ಸಿಪಾಲರು ಇಣುಕಿದರೂ ಅಷ್ಟೇ. "ನಮಗಿಂತ ಮೊದಲು ಆ ಕುರ್ಚಿಗೇ ಡಿಗ್ರಿ ಸಿಗುತ್ತೆ ಕಣೋ," ಎಂದು ಹುಡುಗರು ಬೆನ್ನ ಹಿಂದೆ ನಗುತ್ತಾರೆ. ಕೊಠಡಿ ಖಾಲಿಯಾದ ಮೇಲೆ ಮೇಡಂ ಕನಸಿನಲ್ಲೆಂಬಂತೆ ಆ ಕುರ್ಚಿಯ ಬೆನ್ನು ಸವರುತ್ತ ನಿಲ್ಲುತ್ತಾರೆ. ಅವರ ಅಣ್ಣನಿಗೆ ಶಿಕ್ಷೆಯಾದ ದಿನ, ಕೋರ್ಟಿನಲ್ಲಿ ಪಕ್ಕದಲ್ಲೇ ಕೂತಿದ್ದ ಅಮ್ಮ ಕೇಳಿದ್ದೂ ಅದನ್ನೇ: "ಏನಂದ್ರು?" ಇಂಗ್ಲಿಷಿನಲ್ಲಿ ಕಾಲೇಜಿಗೇ ಮೊದಲ ಸ್ಥಾನ ಪಡೆದಿದ್ದ ಮಗಳಿಗೆ ಆ ತೀರ್ಪಿನ ತಲೆಬುಡ ಅರ್ಥವಾಗಿರಲಿಲ್ಲ, ಹಾಗೆನ್ನಲು ನಾಚಿಕೆಯಾಗಿ, "ಒಳ್ಳೇದೇ ಅಂದ್ರಮ್ಮ," ಅಂದುಬಿಟ್ಟಿದ್ದಳು. ಅಮ್ಮ ಕಟಕಟೆಯಲ್ಲಿದ್ದ ಮಗನ ಕಡೆ ನೋಡಿ ಬಾಯ್ತುಂಬ ನಕ್ಕಿದ್ದಳು.