ಹಡಗಿಗೆ ಮೊದಲು ಉಮಾವತಿಯ ಮೆಟ್ಟಿಲು

ಪುಣೆಯ ಕರ್ವೆನಗರದ ಮೈದಾನದ ಪಕ್ಕ ಬೆಳಗಿನ ಜಾವ ಇನ್ನೂ ಬೀದಿದೀಪದ್ದೇ ಬೆಳಕು. ಫೆಬ್ರವರಿಯ ಒಂದು ಶುಕ್ರವಾರ. ಚಳಿ ಹೋಗಲೋ ಬೇಡವೋ ಎಂದು ಹೊಸಿಲ ಮೇಲೆ ನಿಂತಿದೆ. ಮುಂಬಯಿ ಬಂದರಿಗೆ ಹೊರಟ ಬಸ್ಸೊಂದು ಗುರುಗುಟ್ಟುತ್ತಿದೆ. ಅದರ ಬಾಗಿಲಿಗೆ ಅಡ್ಡವಾಗಿ, ಕೆಳಗಿನ ಮೆಟ್ಟಿಲಿನ ಮುಂದೆ, ಉಮಾವತಿ ನಿಂತಿದ್ದಾರೆ. ಸ್ವೆಟರಿನ ಮೇಲೊಂದು ಬಿಳಿ ಕೋಟು, ಮುಖಕ್ಕೆ ಎರಡು ಮಾಸ್ಕು, ಒಂದು ಕೈಯಲ್ಲಿ ಜ್ವರ ನೋಡುವ ಯಂತ್ರ, ಇನ್ನೊಂದು ಕೈಗೆ ನೇತುಹಾಕಿಕೊಂಡ ಬಟ್ಟೆಯ ಚೀಲ. ಚೀಲದ ತುಂಬ ಶುಂಠಿ ಪೆಪ್ಪರ್‌ಮಿಂಟು.

ಹತ್ತಬೇಕಾದವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಕೋಥರೂಡ ಮತ್ತು ಕರ್ವೆನಗರದ ಕನ್ನಡದ ಹಿರಿಯರ ಗುಂಪು, ಜೊತೆಗೆ ಸಾಸವಡದಿಂದ ಬಂದ ಒಂದೆರಡು ಮರಾಠಿ ಕುಟುಂಬಗಳು. ಮುಂಬಯಿಯಿಂದ ಲಕ್ಷದ್ವೀಪದವರೆಗೆ ಹೋಗಿ ಬರುವ ವಿಹಾರದ ಹಡಗಿಗೆ ಇವರ ಪಯಣ. ಕೋವಿಡ್‌ನ ಮೂರನೆಯ ಅಲೆ ಇಳಿಯುತ್ತಿದೆ ಎನ್ನುತ್ತಾರೆ. ಪೂರ್ತಿ ಇಳಿಯಿತು ಎಂದು ಯಾರೂ ಎದೆ ಮುಟ್ಟಿ ಹೇಳುವುದಿಲ್ಲ.

"ಬಿ.ಪಿ. ಮಾತ್ರೆ ಎಲ್ಲುಂಟು ಅಮ್ಮ?" ಎಂದು ಉಮಾವತಿ ಒಬ್ಬರನ್ನು ಕೇಳುತ್ತಾರೆ.

"ಸೂಟ್‌ಕೇಸಿನ್ಯಾಗ ಅದಾವ್ರಿ."

"ಸೂಟ್‌ಕೇಸು ನಿಮ್ಮ ರೂಮಿಗೆ ಬರುವಾಗ ಸಂಜೆಯಾಗ್ತದೆ. ಈಗ್ಲೇ ತೆಗೆದು ಕೈಚೀಲಕ್ಕೆ ಹಾಕಿ."

ಸೂಟ್‌ಕೇಸು ರಸ್ತೆಯ ಮೇಲೇ ಬಾಯಿ ತೆರೆಯುತ್ತದೆ. ಸೀರೆಯ ಕೆಳಗೆ ಶೇಂಗಾ ಚಟ್ನಿಯ ಡಬ್ಬಿ, ಅದರ ಕೆಳಗೆ ಇನ್ನೊಂದು ಡಬ್ಬಿ, ಮಾತ್ರೆ ಎಲ್ಲಕ್ಕಿಂತ ತಳದಲ್ಲಿ. ಸಾಲಿನಲ್ಲಿದ್ದವರು ನಗುತ್ತಾರೆ. ಉಮಾವತಿ ನಗುವುದಿಲ್ಲ. ಹಣೆಗೆ ಯಂತ್ರ ಹಿಡಿದು, ಕಣ್ಣು ನೋಡಿ, ನಾಲ್ಕು ಮಾತು ಆಡಿಸಿ ಕೆಮ್ಮು ಇದೆಯೇ ಎಂದು ಕಿವಿಗೊಟ್ಟು ಕೇಳಿ, ಆಮೇಲೆ ಅಂಗೈಗೆ ಒಂದು ಪೆಪ್ಪರ್‌ಮಿಂಟು ಹಾಕುತ್ತಾರೆ. ಸಮುದ್ರದ ಹೊಯ್ದಾಟಕ್ಕೆ ಹೊಟ್ಟೆ ತೊಳಸಿದರೆ ಬಾಯಿಗೆ ಹಾಕಿಕೊಳ್ಳಲಿಕ್ಕೆ. ಈಗೀಗ ಅದೇ ಒಪ್ಪಿಗೆಯ ಗುರುತೂ ಆಗಿದೆ. ಪೆಪ್ಪರ್‌ಮಿಂಟು ಕೈಯಲ್ಲಿಲ್ಲದವರನ್ನು ಟೂರ್ ಮ್ಯಾನೇಜರ್ ಮನೋಜ ಬಸ್ಸಿನೊಳಗೆ ಬಿಡುವುದಿಲ್ಲ.

ಪ್ರವಾಸದ ಕಂಪನಿಯೊಂದು ಉಮಾವತಿಯವರನ್ನು ಈ ಕೆಲಸಕ್ಕೆ ಇಟ್ಟುಕೊಂಡಿದೆ. ಹಡಗಿನವರು ಲಸಿಕೆಯ ಎರಡು ಡೋಸು ಕಡ್ಡಾಯ ಮಾಡಿದ್ದಾರೆ. ವಯಸ್ಸಾದವರಿಗೆ ಮೂರನೆಯದೂ ಆದರೆ ಒಳ್ಳೆಯದು ಎನ್ನುತ್ತಾರೆ. ಹೊರಡುವ ಮೂರು ವಾರ ಮೊದಲೇ ಉಮಾವತಿಯವರ ಫೋನು ಶುರುವಾಗುತ್ತದೆ. ದಿನಕ್ಕೆ ಇಪ್ಪತ್ತು ಮನೆ, ಮೂವತ್ತು ಮನೆ. ಊಟದ ಕೋಣೆಯಲ್ಲಿ ಜನ ಕಡಿಮೆಯಾದ ಮೇಲೆ ಹೋಗಿ. ಲಿಫ್ಟಿನಲ್ಲಿ ಗುಂಪು ಕಂಡರೆ ನಿಲ್ಲಿ. ಗಂಟಲು ಕೆರೆದರೂ ಹಡಗಿನ ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ. ಇವೆಲ್ಲ ಹೇಳಿದ ಮೇಲೆ ಆ ಮೂರನೆಯ ಡೋಸಿನ, ಬೂಸ್ಟರಿನ ಮಾತು.

"ಹಾಕಿಸ್ಕೊಳ್ಳುವುದಿದ್ರೆ ಹೊರಡುವ ಎರಡು ವಾರ ಮೊದಲೇ ಹಾಕಿಸಿ. ಆಗ್ಲಿಲ್ವಾ, ಬಂದ ಮೇಲೆ ಹಾಕಿಸಿ. ಹಿಂದಿನ ದಿನ ಮಾತ್ರ ಬೇಡ ಮಾರಾಯ್ರೆ. ಮರುದಿನ ಮೈ ಬಿಸಿಯಾದ್ರೆ ಅದು ಸೂಜಿಯ ಜ್ವರವಾ, ಆ ಜ್ವರವಾ ಅಂತ ಮೆಟ್ಟಿಲ ಹತ್ರ ನಿಂತು ನಾನು ಹೇಗೆ ಹೇಳುವುದು?"

ಉಮಾವತಿ ಕಾರ್ಕಳದ ಹತ್ತಿರದ ಹಳ್ಳಿಯವರು. ಉಡುಪಿಯಲ್ಲಿ ನರ್ಸಿಂಗ್ ಕಲಿತು, ಸುಖೇಶ್ ಅವರನ್ನು ಮದುವೆಯಾಗಿ ಪುಣೆಗೆ ಬಂದರು. ಸುಖೇಶ್ ಕೋಥರೂಡದಲ್ಲಿ ಸೋದರಮಾವನ ಹೋಟೆಲಿನ ದೋಸೆಕಲ್ಲಿನ ಮುಂದೆ ಹದಿನಾರು ವರ್ಷ ನಿಂತವರು. ಮೊದಲನೆಯ ಲಾಕ್‌ಡೌನಿನಲ್ಲಿ ಎಳೆದ ಆ ಹೋಟೆಲಿನ ಶಟರು ಮತ್ತೆ ಮೇಲೇಳಲಿಲ್ಲ. ಎರಡನೆಯ ಅಲೆಯಲ್ಲಿ ಉಮಾವತಿ ಕೋವಿಡ್ ವಾರ್ಡಿನಲ್ಲಿ ಪಾಳಿ ಮಾಡಿದರು. ಅದರ ಬಗ್ಗೆ ಕೇಳಿದರೆ ಒಂದೇ ಮಾತು ಹೇಳುತ್ತಾರೆ: "ಆ ಉಸಿರು ಎಳೆಯುವ ಶಬ್ದ ಉಂಟಲ್ಲ, ಈಗಲೂ ಕುಕ್ಕರಿನ ಉಗಿ ಸಣ್ಣಗೆ ಬಿಟ್ರೆ ನಾನು ಓಡಿ ಬರ್ತೇನೆ."

ಸುಖೇಶ್ ಈಗ ಇರುವುದು ಇದೇ ಹಡಗಿನಲ್ಲಿ. ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವ ಕೆಲಸ. ಮಲಗುವುದು ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ, ಮೇಲೆ ಕೆಳಗೆ ಹಾಸಿಗೆ ಹಾಕಿದ ನಾಲ್ವರು.

"ಮೇಲಿನವರಿಗೆ ಬಾಲ್ಕನಿ ಉಂಟು, ಗಾಳಿ ಉಂಟು. ಕೆಳಗೆ ಒಬ್ಬ ಕೆಮ್ಮಿದ್ರೆ ಉಳಿದ ಮೂವರಿಗೆ ಅದೇ ಗಾಳಿ. ನಮ್ಮವರಿಗೆ ಸಕ್ಕರೆ ಕಾಯಿಲೆ ಬೇರೆ. ಈ ಬಸ್ಸು ಹತ್ತುವವರ ತಟ್ಟೆ ಲೋಟ ಎಲ್ಲ ಇವರ ಕೈಗೇ ಬರುವುದು." ಇಷ್ಟು ಹೇಳಿ ಉಮಾವತಿ ಸುತ್ತ ನೋಡುತ್ತಾರೆ. ಈ ವಿಷಯ ಬಸ್ಸಿನವರಿಗೆ ಗೊತ್ತಿಲ್ಲ. ಮನೋಜನಿಗೂ ಗೊತ್ತಿಲ್ಲ. ಹೆದರುವ ನರ್ಸು ನಮಗೆ ಬೇಡ ಎಂದುಬಿಟ್ಟರೆ ಎಂದು ಬಾಯಿ ಬಿಟ್ಟಿಲ್ಲ.

ಸಾಲಿನ ಕೊನೆಯಲ್ಲಿ ಪ್ರಲ್ಹಾದರಾಯರು ಮತ್ತು ಅವರ ಪತ್ನಿ ಗೋದೂಬಾಯಿ. ವಿಜಯಪುರದ ಕಡೆಯವರು. ರಾಯರು ರೈಲ್ವೆಯಲ್ಲಿ ದುಡಿದು, ನಿವೃತ್ತರಾಗಿ ಇಲ್ಲೇ ಉಳಿದಿದ್ದಾರೆ.

"ಸಿಸ್ಟರ್, ಲಗೂ ನೋಡ್ರಿ. ಕಿಡಕಿ ಸೀಟು ಹೋಗ್ತದ," ಎಂದು ರಾಯರು ಹಣೆ ಮುಂದೆ ಚಾಚುತ್ತಾರೆ.

ಯಂತ್ರದಲ್ಲಿ ಜ್ವರವಿಲ್ಲ. ಆದರೆ ಉಳಿದವರೆಲ್ಲ ಶಾಲು ಎಳೆದುಕೊಳ್ಳುವ ಚಳಿಯಲ್ಲಿ ರಾಯರ ಅಂಗಿಯ ಕಾಲರು ಬೆವರಿಗೆ ತೊಯ್ದಿದೆ. ಚೀಲಕ್ಕೆ ಇಳಿದ ಉಮಾವತಿಯವರ ಕೈ ಅಲ್ಲೇ ನಿಲ್ಲುತ್ತದೆ.

"ಬೆಳಿಗ್ಗೆ ಎಂತ ಮಾತ್ರೆ ತಗೊಂಡ್ರಿ ಸರ್?"

"ದಿನಾ ತಗೊಳ್ಳೂದ ತಗೊಂಡೀನ್ರಿ."

ಗೋದೂಬಾಯಿ ನೆಲ ನೋಡುತ್ತಾರೆ. ಆಮೇಲೆ ಗಂಡನ ತೋಳು ತಿವಿಯುತ್ತಾರೆ. "ಖರೇ ಹೇಳ್ರಿ ಅಂದ್ರ. ಸಮುದ್ರದ ಮ್ಯಾಲ ಹೋಗೂದದ, ಸುಳ್ಳು ಹೇಳಿ ಕಾಲಿಡಬಾರದು." ಉಮಾವತಿಯ ಕಡೆ ತಿರುಗಿ, "ರಾತ್ರಿ ಮೈ ಕೆಂಡ ಆಗಿತ್ತು ತಾಯಿ. ಮುಂಜಾನೆದ್ದು ಜ್ವರದ ಗುಳಿಗಿ ನುಂಗ್ಯಾರ."

"ಅದು ಸೂಜಿ ಜ್ವರಾರೀ!" ರಾಯರ ದನಿ ಏರುತ್ತದೆ. "ನಿನ್ನೆ ಸಂಜೀಕ ಬೂಸ್ಟರ್ ಮಾಡಿಸಿಕೊಂಡೀನಿ. ಎರಡನೇದಾಗಿ ಒಂಬತ್ತು ತಿಂಗಳು ತುಂಬಿದ್ದ ನಿನ್ನೆ. ಅದಕ್ಕಿಂತ ಮೊದಲ ಹೋದ್ರ ಅವರು ಕೊಡಂಗಿಲ್ಲ."

"ಬಂದ ಮೇಲೆ ಹಾಕಿಸಿ ಅಂತ ಫೋನಲ್ಲಿ ಹೇಳಿದ್ದೆ ಅಲ್ವಾ?"

"ಹೇಳಿದ್ರಿ." ರಾಯರು ಕತ್ತಿನ ಬೆವರು ಒರೆಸಿಕೊಳ್ಳುತ್ತಾರೆ. "ಅಂಜಿಕಿ ಆತ್ರೀ. ನಡು ನೀರಿನ್ಯಾಗ ಉಸರು ಕಟ್ಟಿದ್ರ ಯಾರನ್ನ ಕರೀಲಿ?"

ರಾಯರ ಎರಡು ದಿನದ ಹಿಂದಿನ ಲ್ಯಾಬ್ ಪರೀಕ್ಷೆಯಲ್ಲಿ ಸೋಂಕಿಲ್ಲ ಎಂದು ಬಂದಿದೆ. ಆದರೂ ಉಮಾವತಿ ಅವರನ್ನು ಬಯಲಿನ ಬೆಂಚಿನ ಮೇಲೆ ಕೂರಿಸಿ, ಮೂಗಿನ ದ್ರವ ತೆಗೆದು ಪರೀಕ್ಷೆಯ ಪಟ್ಟಿಗೆ ಹಾಕಿ ಇನ್ನೊಮ್ಮೆ ನೋಡುತ್ತಾರೆ. ಕಾಲು ಗಂಟೆ ಕಾಯಬೇಕು. ಬಸ್ಸಿನ ಕಿಟಕಿಗಳಲ್ಲಿ ಒಂದೊಂದೇ ತಲೆ ಹೊರಬರುತ್ತದೆ. ಕೊನೆಗೆ ಪಟ್ಟಿಯ ಮೇಲೆ ಒಂದೇ ಗೆರೆ ಮೂಡುತ್ತದೆ, ಸೋಂಕಿಲ್ಲ. ಬಸ್ಸಿನಲ್ಲಿ ಯಾರೋ ಚಪ್ಪಾಳೆ ತಟ್ಟುತ್ತಾರೆ.

"ನೆಗೆಟಿವ್ ಬಂತಲ್ಲ ಮೇಡಂ, ಹತ್ತಿಸಿ," ಎನ್ನುತ್ತಾನೆ ಮಂಡ್ಯದ ಹುಡುಗ ಮನೋಜ. "ಲೋಣಾವಳಾದಲ್ಲಿ ತಿಂಡಿ ಬೇರೆ ಇದೆ. ಲೇಟಾದ್ರೆ ಎಲ್ರೂ ನನ್ನನ್ನೇ ಬೈತಾರೆ."

"ಜ್ವರ ಉಂಟಲ್ಲ."

"ಅದು ವ್ಯಾಕ್ಸಿನ್ ಫೀವರ್ರು ಮೇಡಂ."

"ಆಗಿರ್ಲಿಕ್ಕೂ ಸಾಕು. ಅಲ್ದೆಯೂ ಇರ್ಬಹುದು. ಜ್ವರ ಶುರುವಾದ ದಿನವೇ ಈ ಪಟ್ಟಿಯಲ್ಲಿ ಗೊತ್ತಾಗದೆ ಇರುವುದೂ ಉಂಟು."

ರಾಯರು ಎದ್ದು ನಿಲ್ಲುತ್ತಾರೆ. ಬೆವರಿನ ಮುಖ ಕೆಂಪಗಾಗಿದೆ. "ನಿಮ್ಮ ಮನಿಯವರು ಈ ಹಡಗಿಗೆ ಹೊಂಟಿದ್ರ ಹಿಂಗ ಇಳಸತಿದ್ರೇನು?"

ಉಮಾವತಿಯವರ ಕಣ್ಣು ನೀರಾಡುತ್ತದೆ. ಮಾಸ್ಕಿನೊಳಗಿಂದ ದನಿ ಸಣ್ಣದಾಗಿ ಬರುತ್ತದೆ. "ನಮ್ಮವರು ಆ ಹಡಗಲ್ಲೇ ಇರುವುದು ಸರ್. ಪಾತ್ರೆ ತೊಳೀಲಿಕ್ಕೆ."

ಮನೋಜ ತಲೆ ತಗ್ಗಿಸುತ್ತಾನೆ. ಕಿಟಕಿಯ ತಲೆಗಳು ಒಳಗೆ ಹೋಗುತ್ತವೆ.

"ಅಂದ್ರ ನಿಮ್ಮ ಗಂಡನ ಸಲುವಾಗಿ ನನ್ನ ಇಳಿಸಿದ್ರಿ."

"ಹೌದು ಸರ್. ಅವರ ಸಲುವಾಗಿಯೂ."

ಜ್ವರದವರ ಮಗ್ಗುಲಲ್ಲಿ ರಾತ್ರಿ ಕಳೆದ ಗೋದೂಬಾಯಿಗೂ ಪೆಪ್ಪರ್‌ಮಿಂಟು ಸಿಗುವುದಿಲ್ಲ. ಬಸ್ಸು ಹೋದ ಮೇಲೆ ಬೆಳಕು ಹರಿಯುತ್ತದೆ. ಖಾಲಿ ರಸ್ತೆಯ ಬದಿಗೆ ಎರಡು ಹೊಸ ಸೂಟ್‌ಕೇಸು, ನಡುವೆ ಇಬ್ಬರು ಹಿರಿಯರು. ಮನೆಯಿಂದ ಕಾರು ಬರುವವರೆಗೆ ಉಮಾವತಿ ತುಸು ದೂರದಲ್ಲಿ ಕೂತೇ ಇರುತ್ತಾರೆ. ಅವರಿಗೆ ತಮ್ಮ ತಾಯಿಯ ಕೋಳಿಗಳ ನೆನಪು.

"ಕೋಳಿ ರೋಗದ ಸಮಯದಲ್ಲಿ ಒಂದು ಕೋಳಿ ತೂಕಡಿಸಿದ್ರೆ ಸಾಕು, ಅಮ್ಮ ಅದರ ಮೇಲೆ ಬುಟ್ಟಿ ಕವುಚಿ ಹಾಕ್ತಿದ್ರು. ಏನೂ ಆಗದ ಕೋಳಿಯೂ ಬುಟ್ಟಿಯೊಳಗೆ ಕೂತದ್ದುಂಟು. ಪಾಪ, ದಿನವಿಡೀ ಕೊಕ್ಕೊಕ್ಕೊ ಅಂತ ಅಮ್ಮನಿಗೆ ಬೈಯುತ್ತಿತ್ತು."

"ಸೋಮವಾರ ಉಪವಾಸ ಮಾಡಾಂವನ್ನ ಕೋಳಿ ಮಾಡಿದ್ರಲ್ರೀ!" ಎನ್ನುತ್ತಾರೆ ರಾಯರು. ಗೋದೂಬಾಯಿಗೆ ನಗು ತಡೆಯುವುದಿಲ್ಲ. ರಾಯರು ಮಾತ್ರ ಮುಖ ತಿರುಗಿಸಿಯೇ ಕಾರು ಹತ್ತುತ್ತಾರೆ.

ಭಾನುವಾರ ರಾಯರ ಫೋನು ಬರುತ್ತದೆ. ಜ್ವರ ಮರುದಿನವೇ ಇಳಿದಿದೆ. ಲ್ಯಾಬಿನಲ್ಲಿ ಮತ್ತೆ ಮಾಡಿಸಿದ ಪರೀಕ್ಷೆಯಲ್ಲೂ ಏನಿಲ್ಲ. "ಸುಮ್ಮಸುಮ್ಮನ ಇಳಿಸಿದ್ರಿ," ಎಂದು ಅವರು ಬಹಳ ಹೊತ್ತು ಬೈಯುತ್ತಾರೆ. ಉಮಾವತಿಗೆ ಬೇಸರವಿಲ್ಲ. "ಬೈಸ್ಕೊಂಡ ಆ ಹೊತ್ತು ನನಗೆ ಎಷ್ಟು ನೆಮ್ಮದಿ ಗೊತ್ತುಂಟಾ? ಏನೂ ಇಲ್ಲದ್ದಕ್ಕೇ ಅಲ್ವಾ ಅವರು ಬೈದದ್ದು," ಎನ್ನುತ್ತಾರೆ.

ಆ ನೆಮ್ಮದಿ ಎರಡು ದಿನ. ಮಂಗಳವಾರ ಹಡಗು ಮುಂಬಯಿಗೆ ಹತ್ತಿರವಾದಾಗ ಸುಖೇಶ್ ಫೋನು ಮಾಡುತ್ತಾರೆ. ಅವರ ಕೋಣೆಯಲ್ಲೇ ಮಲಗುತ್ತಿದ್ದ ಕಾಪುವಿನ ಹುಡುಗ ಕುಶಲನಿಗೆ ಸೋಂಕು. ಅವನನ್ನು ಇಳಿಸಿ ಆಸ್ಪತ್ರೆಗೆ ಸೇರಿಸುತ್ತಾರೆ. ಉಳಿದ ಮೂವರನ್ನು ಹಡಗಿನಲ್ಲೇ ಬೇರೆ ಬೇರೆ ಕೋಣೆಗೆ ಹಾಕಿ ಬಾಗಿಲು ಮುಚ್ಚಿದ್ದಾರೆ. ಊಟದ ತಟ್ಟೆಯನ್ನು ಬಾಗಿಲ ಹೊರಗಿಟ್ಟು, ಒಮ್ಮೆ ತಟ್ಟಿ ಹೋಗುತ್ತಾರಂತೆ. ಸುಖೇಶ್‌ಗೆ ಜ್ವರವಿಲ್ಲ. ಇನ್ನೂ ಇಲ್ಲ.

ಸೋಂಕು ಎಲ್ಲಿಂದ ಹತ್ತಿತು ಎಂದು ಯಾರಿಗೂ ಗೊತ್ತಿಲ್ಲ. ಬೇರೆ ಊರಿನ ಬಸ್ಸುಗಳೂ ಬಂದಿವೆ, ಹಡಗಿನವರೂ ದಡಕ್ಕಿಳಿದು ಹತ್ತಿದ್ದಾರೆ. ಆದರೆ ಉಮಾವತಿ ಅಕ್ಕಿ ಆರಿಸುತ್ತ ಕೂತರೂ ಆ ಶುಕ್ರವಾರದ ಮುಖಗಳನ್ನೇ ಒಂದೊಂದಾಗಿ ಎದುರಿಗೆ ತಂದುಕೊಳ್ಳುತ್ತಾರೆ. ಚಟ್ನಿ ಡಬ್ಬಿಯವರು ಗಂಟಲು ಸರಿಮಾಡಿಕೊಂಡರೇ? ಸಾಸವಡದವರ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತೇ, ಬೇರೇನಾದರೂ ಇತ್ತೇ?

"ಏನೂ ಇಲ್ಲದವರನ್ನು ಇಳಿಸಿದೆ. ಸೋಂಕಿದ್ದವರನ್ನು ನನ್ನ ಕೈಯಾರೆ ಹತ್ತಿಸಿದೆನಾ ಅಂತ. ಪೆಪ್ಪರ್‌ಮಿಂಟು ಕೊಟ್ಟು," ಎನ್ನುವಾಗ ಅವರ ಬೆರಳು ಮೊರದಲ್ಲಿ ನಿಲ್ಲುತ್ತದೆ.

ಮತ್ತೆ ಶುಕ್ರವಾರ. ಅದೇ ಮೈದಾನ, ಅದೇ ಬೀದಿದೀಪ. ಹಡಗಿನಲ್ಲಿ ಕೆಲಸದವರಿಗೆ ಸೋಂಕು ಬಂದಿದೆ ಎಂದು ಕಂಪನಿ ಎಲ್ಲರಿಗೂ ತಿಳಿಸಿದೆ. ನಾಲ್ಕು ಮನೆಯವರು ಪ್ರವಾಸ ಬಿಟ್ಟಿದ್ದಾರೆ. ಹಡಗು ಮಾತ್ರ ನಿಂತಿಲ್ಲ. ಉಮಾವತಿ ಮೆಟ್ಟಿಲ ಮುಂದಿದ್ದಾರೆ. ಈ ಸಲ ಒಬ್ಬೊಬ್ಬರನ್ನೂ ಹೆಚ್ಚು ಹೊತ್ತು ನಿಲ್ಲಿಸುತ್ತಾರೆ. ಯಂತ್ರವನ್ನು ಎರಡೆರಡು ಸಲ ಹಿಡಿಯುತ್ತಾರೆ. ಮನೋಜ ಗಡಿಯಾರ ನೋಡಿ ಕೈಯನ್ನು ಜೇಬಿಗೆ ಇಳಿಸುತ್ತಾನೆ.

ಸಾಲಿನ ಮೊದಲಿಗೇ ಪ್ರಲ್ಹಾದರಾಯರು. ಕಂಪನಿಯವರು ಅವರ ಟಿಕೇಟನ್ನು ಈ ವಾರಕ್ಕೆ ಬದಲಿಸಿ ಕೊಟ್ಟಿದ್ದಾರೆ.

"ಬುಟ್ಟ್ಯಾಗಿನ ಕೋಳಿ ಬಂತು ನೋಡ್ರಿ. ಗುಳಿಗಿ ಬಿ.ಪಿ.ದು ಒಂದ. ಸುಳ್ಳಂದ್ರ ಈಕೀನ್ನ ಕೇಳ್ರಿ."

"ಒಂದ ತಾಯಿ," ಎನ್ನುತ್ತಾರೆ ಗೋದೂಬಾಯಿ. "ನಾನ ನೀರು ಕೊಟ್ಟೀನಿ."

ಜ್ವರವಿಲ್ಲ, ಬೆವರಿಲ್ಲ. ಉಮಾವತಿ ಅಂಗೈಗೆ ಪೆಪ್ಪರ್‌ಮಿಂಟು ಹಾಕುತ್ತಾರೆ. ರಾಯರು ಮೆಟ್ಟಿಲು ಹತ್ತದೆ ನಿಂತೇ ಇದ್ದಾರೆ. ದನಿ ತಗ್ಗಿಸಿ ಕೇಳುತ್ತಾರೆ, "ನಿಮ್ಮ ಮನಿಯವರು?"

"ಬಾಗಿಲು ಇನ್ನೂ ತೆರೀಲಿಲ್ಲ ಸರ್. ನಿನ್ನೆ ಸಂಜೆ ಗಂಟಲು ನೋವು ಅಂದ್ರು. ಎಸಿ ಗಾಳಿಗೆ ಅಂತ ಅವರೇ ಹೇಳಿದ್ರು."

ರಾಯರು ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಹತ್ತಿರ ಬಾಗುತ್ತಾರೆ. "ಏನರೆ ಕಳಸೂದಿದ್ರ ಕೊಡ್ರಿ. ಅಲ್ಲಿ ಯಾರಿಗರೆ ಹೇಳಿ ಹೆಂಗರೆ ಮಾಡಿ ಮುಟ್ಟಸ್ತೀನಿ."

ಉಮಾವತಿ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಕೈಯಲ್ಲಿರುವ ಚೀಲವನ್ನು ಒಮ್ಮೆ ನೋಡಿಕೊಳ್ಳುತ್ತಾರೆ. ಆಮೇಲೆ ರಾಯರ ಗದ್ದದ ಕಡೆ ಬೆರಳು ತೋರಿಸುತ್ತಾರೆ.

"ಅದನ್ನು ಮೂಗಿನ ಮೇಲೆ ಎಳ್ಕೊಳ್ಳಿ ಸರ್. ಊಟದ ಹೊತ್ತು ಬಿಟ್ರೆ ತೆಗೀಬೇಡಿ, ವಾಪಸ್ ಬರುವವರೆಗೆ. ಅಷ್ಟು ಮಾಡಿದ್ರೆ ಅವರಿಗೆ ಮುಟ್ಟಿದ ಹಾಗೆ."