ಕಣದಿಂದ ಹಿಂದೆ ಸರಿದ ಟೈಲರ್

ಅವರ ಪಾರ್ಲಿಮೆಂಟ್ ಕ್ಷೇತ್ರ ಎಷ್ಟು ದೊಡ್ಡದೆಂದರೆ, ಬಸ್ಸಿನಲ್ಲಿ ಈ ತುದಿಯಿಂದ ಆ ತುದಿಗೆ ಹೋಗಲು ಒಂದು ಹಗಲು ಬೇಕು. ಟೈಲರ್ ಅದರಲ್ಲಿ ಕಂಡಿದ್ದು ತಮ್ಮ ಬೀದಿ, ಬಸ್ ನಿಲ್ದಾಣ, ಸೇತುವೆಯಾಚೆಯ ಆಸ್ಪತ್ರೆ, ಇಷ್ಟೇ. ಹಳೇ ಪ್ಯಾಂಟು ಬಿಗಿ ಮಾಡುವುದು, ಸಡಿಲ ಮಾಡುವುದು, ಜಿಪ್ ಹಾಕುವುದು ಅವರ ಕೆಲಸ. ಹೆಂಡತಿ ಪಕ್ಕದಲ್ಲಿ ಕೂತು ಕಾಜಾ ಹಾಕುತ್ತಿದ್ದಳು. ಅಂಥವರು ಒಂದು ಸಲ ಎಂಪಿ ಚುನಾವಣೆಗೆ ನಿಂತರು.

ಕಾರಣ ಅವರ ಹೆಸರು. ಸೇತುವೆ ಕಟ್ಟಿಸಿದ ಎಂಪಿಯ ಹೆಸರೂ ಅದೇ. ಎಂಪಿಗೆ ಎದುರಾಗಿದ್ದ ಪಾರ್ಟಿಯವರು ಅಂಗಡಿಗೆ ಬಂದರು.

"ಟೈಲರಣ್ಣ, ನೀವೂ ನಿಂತ್ಕೊಳ್ಳಿ. ಹೊಲಿಗೆ ಮಿಷನ್ನೇ ನಿಮ್ಮ ಗುರುತು. ಇಡೀ ಕ್ಷೇತ್ರ ನೋಡುತ್ತೆ."

ಟೈಲರ್ ಉಬ್ಬಿಹೋದರು. ನಾಮಪತ್ರಕ್ಕೆ ಸಹಿ ಹಾಕಿಬಿಟ್ಟರು.

ಮನೆಯಲ್ಲಿ ಹೇಳಿದಾಗ ಹೆಂಡತಿ ಸೂಜಿ ಕೆಳಗಿಟ್ಟಳು.

"ರೀ, ಹೋದ ಸಲ ಎಂಪಿ ಎಷ್ಟು ಓಟಲ್ಲಿ ಗೆದ್ರು?"

"ಇನ್ನೂರು ಚಿಲ್ರೆ."

"ಹೆಸರು ನೋಡಿ ಜನ ಅವರಂದ್ಕೊಂಡು ನಿಮಗೆ ಒತ್ತಿದ್ರೆ? ಆ ಸೇತುವೆ ಇಲ್ದೆ ಇದ್ದಿದ್ರೆ ಹೆರಿಗೆ ದಿನ ನಮ್ಮ ಮಗಳು ಉಳೀತಿದ್ಲಾ?"

ಅವತ್ತಿನಿಂದ ಟೈಲರಿಗೆ ಊಟ ಸೇರಲಿಲ್ಲ.

ನಾಮಪತ್ರ ವಾಪಸ್ ತೆಗೆದುಕೊಳ್ಳುವ ಕೊನೆಯ ದಿನ ಬಂತು. ಮಧ್ಯಾಹ್ನ ಮೂರರೊಳಗೆ ಹೋಗಿ ಕಾಗದ ಕೊಡಬೇಕು. ಟೈಲರ್ ಹಿಂದೆ ಸರಿಯುತ್ತಾರೆಂಬ ವಾಸನೆ ಪಾರ್ಟಿಯವರಿಗೆ ಬಡಿದಿತ್ತು. ಬೆಳಗ್ಗೆಯೇ ಒಬ್ಬ ದಪ್ಪ ಮನುಷ್ಯನನ್ನು ತಂದು ಅಂಗಡಿಯಲ್ಲಿ ಕೂರಿಸಿದರು. ಟೈಲರ್ ಎದ್ದರೆ ಅವನೂ ಏಳುತ್ತಿದ್ದ. ಮೂತ್ರಕ್ಕೆ ಹೋದರೂ ಹಿಂದೆಯೇ ಬಂದ.

ಮಧ್ಯಾಹ್ನ ಆ ದಪ್ಪ ಮನುಷ್ಯನೇ ಬಾಯಿಬಿಟ್ಟ. "ಟೈಲರಣ್ಣ, ಪ್ರಚಾರದ ಊಟ ತಿಂದೂ ತಿಂದೂ ಪ್ಯಾಂಟು ಸೊಂಟದ ಹತ್ರ ಬಿಗೀತಿದೆ. ಈಗ್ಲೇ ಸ್ವಲ್ಪ ಸಡಿಲ ಮಾಡ್ಕೊಡ್ತೀರಾ?"

ಹೆಂಡತಿ ಟೈಲರ್ ಮುಖ ನೋಡಿದಳು.

"ಬಿಚ್ಚಿ ಕೊಡಪ್ಪ" ಎಂದರು ಟೈಲರ್.

ದಪ್ಪ ಮನುಷ್ಯ ಪರದೆಯ ಹಿಂದೆ ಹೋಗಿ ಪ್ಯಾಂಟು ಹೊರಗೆ ಚಾಚಿದ. ಟೈಲರ್ ಅದನ್ನು ಹೆಗಲಿಗೆ ಹಾಕಿಕೊಂಡು, ಸದ್ದಿಲ್ಲದೆ ಸೈಕಲ್ ಹತ್ತಿದರು. ಹೆಂಡತಿ ಮಿಷನ್ನಿಗೆ ಒಂದು ಚಿಂದಿ ಕೊಟ್ಟು ತುಳಿಯತೊಡಗಿದಳು.

ಬಸ್ ನಿಲ್ದಾಣದ ಪಕ್ಕದ ಚುನಾವಣಾ ಕಚೇರಿಯಲ್ಲಿ ಅಧಿಕಾರಿ ಅವರ ಹೆಗಲು ನೋಡಿದರು.

"ಏನ್ರೀ ಇದು?"

"ಗಿರಾಕಿದು ಸಾರ್. ಬೇಗ ತಗೊಳ್ಳಿ, ಪಾಪ, ಅವನು ಬರೀ ಚಡ್ಡೀಲಿ ಕಾಯ್ತಿದಾನೆ."

ಅಧಿಕಾರಿ ಕಾಗದ ಓದಿ, ಇವರೇ ಅವರೆಂದು ಖಾತ್ರಿ ಮಾಡಿಕೊಂಡು, ಸೀಲು ಒತ್ತಿದರು. "ಆಯ್ತು. ಇನ್ನು ನೀವು ಅಭ್ಯರ್ಥಿ ಅಲ್ಲ."

"ಅಬ್ಬಾ, ಬದುಕಿದೆ!"

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ನಲ್ಲಿಗೆ ಬಾಯಿಟ್ಟು ಹೊಟ್ಟೆ ತುಂಬ ನೀರು ಕುಡಿದರು.

ವಾಪಸ್ ಬಂದಾಗ ಮಿಷನ್ ಇನ್ನೂ ಓಡುತ್ತಿತ್ತು.

"ಅಕ್ಕ, ಇನ್ನೂ ಎಷ್ಟೊತ್ತು? ಟೆಂಟ್ ಹೊಲೀತಿದೀರಾ?" ಎಂದು ಪರದೆಯ ಹಿಂದಿನಿಂದ ದನಿ.

"ನಿನ್ನ ಅಳತೆಗೆ ಹೆಚ್ಚುಕಮ್ಮಿ ಅದೇ ಕಣಪ್ಪ."

ಟೈಲರ್ ಮುಚ್ಚಿಡಲಿಲ್ಲ. "ಕಾಗದ ಕೊಟ್ಟು ಬಂದೆ. ನಿನ್ನ ಸೊಂಟ ಈಗ ಮಾಡ್ತೀನಿ."

ದಪ್ಪ ಮನುಷ್ಯ ತಲೆಯನ್ನಷ್ಟೇ ಹೊರಗೆ ಹಾಕಿ ಬೈದ. ಬೈದೂ ಬೈದೂ ಸುಸ್ತಾದ. ಕೊನೆಗೆ, "ಎರಡಿಂಚು ಬಿಡಿ" ಎಂದ.

ಆ ಸಲ ಎಂಪಿ ಸೋತರು. ಅಂತರ ಸಾವಿರಗಟ್ಟಲೆ. ರೇಡಿಯೋದಲ್ಲಿ ಕೇಳಿ ಟೈಲರ್ ಬಹಳ ಹೊತ್ತು ಬೇಜಾರಿನಲ್ಲಿದ್ದರು. ಆಮೇಲೆ, "ನನ್ನಿಂದ ಅಲ್ವಲ್ಲ" ಎಂದು ತಟ್ಟೆ ಎಳೆದುಕೊಂಡರು.

ಎಷ್ಟೋ ಚುನಾವಣೆ ಬಂದು ಹೋದವು. ಹೋದ ವರ್ಷ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಟೈಲರ್ ಮತ್ತೆ ಏಳಲಿಲ್ಲ. ಹೆಂಡತಿ ಅತ್ತಳು. ಅಳುತ್ತಲೇ ಆ ಮುಖ ನೋಡಿದಳು. ಚಿಂತೆಯ ಒಂದು ಗೆರೆಯೂ ಇರಲಿಲ್ಲ. ಯಾರ ಸೋಲನ್ನೂ ತಲೆ ಮೇಲೆ ಹೊತ್ತುಕೊಂಡು ಹೋದವರಲ್ಲ ಅವರು.